ಸಿರುಗುಪ್ಪದ ಹೊಟ್ಟು, ಬಳ್ಳಾರಿಯ ಹಬೆ

ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ತಯಾರಾಗುವ ಇಟ್ಟಿಗೆ ನೀರಿನ ಮೇಲೆ ತೇಲುತ್ತದೆ. ಹೇಳಿದರೆ ಯಾರೂ ಒಮ್ಮೆಗೇ ನಂಬುವುದಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ನಂಬಿರಲಿಲ್ಲ. ಪ್ರಯೋಗಶಾಲೆಯಲ್ಲಿದ್ದ ಒಬ್ಬಳು ಅದರ ತುಂಡೊಂದನ್ನು ತಂದು ಬಕೆಟ್ಟಿಗೆ ಬಿಟ್ಟು ತೋರಿಸಿದಳು. ಅದು ಮುಳುಗಿ, ಮತ್ತೆ ಮೇಲೆ ಬಂದು, ಅರ್ಧ ಮೈ ಹೊರಗಿಟ್ಟುಕೊಂಡು ಮೆಲ್ಲಗೆ ತಿರುಗತೊಡಗಿತು. ನಾನು ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡುತ್ತಾ ನಿಂತುಬಿಟ್ಟೆ. ಅವಳು ನಕ್ಕು, ಹೊಸಬರೆಲ್ಲ ಹೀಗೇ ನಿಲ್ಲುತ್ತಾರೆ ಎಂದಳು.

ವಿದ್ಯುತ್ ಸ್ಥಾವರದಿಂದ ಬರುವ ಹಾರುಬೂದಿ, ಸುಣ್ಣ, ಸಿಮೆಂಟು, ಇಷ್ಟೇ ಇಷ್ಟು ಅಲ್ಯೂಮಿನಿಯಂ ಪುಡಿ. ಇವನ್ನು ನೀರಿನಲ್ಲಿ ಕಲಸಿ ದೊಡ್ಡ ಅಚ್ಚುಗಳಿಗೆ ಸುರಿದರೆ ಇಡ್ಲಿ ಹಿಟ್ಟಿನ ಹಾಗೆ ತಾನೇ ಉಬ್ಬಿ ಬರುತ್ತದೆ. ಅದನ್ನು ತಂತಿಯಿಂದ ಕೊಯ್ದು, ರೈಲು ಡಬ್ಬಿಯಂಥ ಉದ್ದನೆಯ ಕೋಣೆಗಳೊಳಗೆ ತಳ್ಳಿ, ಹಬೆಯಲ್ಲಿ ಬೇಯಿಸುತ್ತಾರೆ. ಬೆಳಗಿನ ಪಾಳಿಯವರು ಆ ಕೋಣೆಗಳ ಬಾಗಿಲು ತೆಗೆದಾಗ ಅಂಗಳದ ತುಂಬ ಬಿಳಿ ಹಬೆ ಹರಡಿಕೊಳ್ಳುತ್ತದೆ. ಅದರೊಳಗೆ ನಡೆದುಕೊಂಡು ಬರುವವರು ಮೊದಲು ಬರೀ ಬಣ್ಣವಾಗಿ, ಆಮೇಲೆ ಆಕಾರವಾಗಿ, ಕೊನೆಗೆ ಗುರುತಿನ ಮುಖವಾಗಿ ಕಾಣುತ್ತಾರೆ. ಬಳ್ಳಾರಿಯಂಥ ಬಿಸಿಲೂರಿನಲ್ಲಿ ಮಂಜು ನೋಡಬೇಕೆಂದರೆ ನನಗೆ ಅದೊಂದೇ ದಾರಿ. ಅದಕ್ಕಾಗಿಯೇ ಎಷ್ಟೋ ದಿನ ಹೊತ್ತಿಗೆ ಮುಂಚೆ ಕೆಲಸಕ್ಕೆ ಹೋಗಿದ್ದೇನೆ.

ನನ್ನದು ಲೆಕ್ಕಪತ್ರ ವಿಭಾಗ. ಯುಗಾದಿ ಕಳೆದ ಮೇಲೆ ಮುಂಗಾರಿನ ಮೊದಲ ಮೋಡ ಕಾಣುವವರೆಗೆ ವಾರ್ಷಿಕ ವರದಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ವರದಿಗೆ ಎರಡು ಭಾಗ. ಮುಂದಿನ ಭಾಗದಲ್ಲಿ ಕಂಪನಿ ಎಷ್ಟು ಮಾರಿತು, ಎಷ್ಟು ಉಳಿಸಿತು ಎಂಬ ವಿವರ. ಹಿಂದಿನ ಭಾಗದಲ್ಲಿ ಎಷ್ಟು ಹೊಗೆ ತಗ್ಗಿಸಿತು, ಎಷ್ಟು ನೀರನ್ನು ಮತ್ತೆ ಬಳಸಿತು, ಎಷ್ಟು ಗಿಡ ನೆಟ್ಟಿತು ಎಂಬ ವಿವರ. ಈ ಹಿಂದಿನ ಭಾಗಕ್ಕೆ ಸುಸ್ಥಿರತೆ ಎಂದು ಹೆಸರು. ನಾನೂ ಅಕ್ಕನೂ ಕಂಟೋನ್ಮೆಂಟಿನಲ್ಲಿ ಹಳೆಯ ಬಂಗಲೆಯೊಂದರ ಹಿಂಭಾಗದಲ್ಲಿ ಬಾಡಿಗೆಗೆ ಇದ್ದೇವೆ. ಎತ್ತರದ ಸೂರು, ದಪ್ಪ ಗೋಡೆ, ಸುತ್ತ ಬೇವಿನ ಮರ. ಅಕ್ಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದು ಈಗ ನಿವೃತ್ತಳು. ಸುಸ್ಥಿರತೆ ಅಂದರೇನು ಎಂದು ಅವಳು ಕೇಳಿದಾಗಲೆಲ್ಲ ನಾನು ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಯಾವುದೂ ಅವಳಿಗೆ ಒಪ್ಪಿಗೆಯಾದಂತಿರಲಿಲ್ಲ.

ನಾನು ಹೇಳಹೊರಟ ವರ್ಷದಲ್ಲಿ ಮಾತ್ರ ಎರಡೂ ಭಾಗಗಳು ಒಂದೇ ದನಿಯಲ್ಲಿ ಮಾತಾಡಿದ್ದವು. ಹಬೆ ಮಾಡುವ ಬಾಯ್ಲರಿಗೆ ಅಲ್ಲಿಯವರೆಗೂ ಕಲ್ಲಿದ್ದಲೇ ಗತಿಯಾಗಿತ್ತು. ಕಲ್ಲಿದ್ದಲಿನ ಬೆಲೆ ಏರಿತು, ಹೊಗೆಯ ಬಗ್ಗೆ ಸುತ್ತಲ ಹಳ್ಳಿಗಳಿಂದ ದೂರುಗಳೂ ಬಂದವು. ನಮ್ಮ ಹಣಕಾಸು ಮುಖ್ಯಸ್ಥರು ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ರಾಶಿ ಬೀಳುವ ಭತ್ತದ ಹೊಟ್ಟನ್ನು ತರಿಸುವ ಏರ್ಪಾಡು ಮಾಡಿದರು. ಗಿರಣಿಗಳೊಂದಿಗೆ ವರ್ಷವಿಡೀ ಹೊಟ್ಟು ಕೊಳ್ಳುವ ಒಪ್ಪಂದವಾಯಿತು. ವರ್ಷ ಮುಗಿಯುವ ಹೊತ್ತಿಗೆ ಬಾಯ್ಲರಿನಲ್ಲಿ ಕಲ್ಲಿದ್ದಲಿನ ಚೂರೂ ಇರಲಿಲ್ಲ. ಖರ್ಚು ಇಳಿದು ಲಾಭ ಹಿಂದೆಂದೂ ಇಲ್ಲದಷ್ಟು ಏರಿತು. ಚಿಮಣಿಯಿಂದ ಕಪ್ಪು ಹೊಗೆ ನಿಂತಿತು. ಹತ್ತಿರದ ಹಳ್ಳಿಯ ಹೆಂಗಸರು ಒಗೆದ ಬಟ್ಟೆಯನ್ನು ಬಯಲಲ್ಲಿ ಒಣಹಾಕತೊಡಗಿದ್ದನ್ನು ನಾನೇ ಬಸ್ಸಿನ ಕಿಟಕಿಯಿಂದ ನೋಡಿದ್ದೆ.

ಮುಖ್ಯಸ್ಥರು ಕುರುಗೋಡಿನ ಕಡೆಯವರು. ಅವರ ತಂದೆ ಅಲ್ಲಿನ ಸಂತೆಪೇಟೆಯಲ್ಲಿ ಹತ್ತಿ, ಮೆಣಸಿನಕಾಯಿ ವ್ಯಾಪಾರ ಮಾಡಿಕೊಂಡಿದ್ದವರು. ಹಣೆಯ ಮೇಲೆ ತೆಳ್ಳಗೆ ವಿಭೂತಿ, ಕಿಸೆಯಲ್ಲಿ ಎರಡು ಪೆನ್ನು, ಲೆಕ್ಕ ತಪಾಸಣೆಯವರೊಂದಿಗೆ ಇಂಗ್ಲಿಷು, ನಮ್ಮೊಂದಿಗೆ ಕುರುಗೋಡಿನ ಮಾತು. ಎಂದೂ ದನಿ ಏರಿಸಿದವರಲ್ಲ. ಆ ವರ್ಷ ಅವರ ಮುಖದಲ್ಲಿ ಮದುವೆ ಮನೆಯ ಕಳೆ ಇತ್ತು. ನನ್ನನ್ನು ಕರೆದು, ವರದಿಯಲ್ಲಿ ಬರೀ ಅಂಕಿ ಬೇಡ, ಸಿರುಗುಪ್ಪಕ್ಕೆ ಹೋಗಿ ಕಣ್ಣಾರೆ ನೋಡಿಕೊಂಡು ಬಂದು, ಹೊಟ್ಟಿನ ಕತೆಯನ್ನು ಚೆಂದಾಗಿ ಬರೆಯಿರಿ, ನಾಲ್ಕು ಫೋಟೋ ಇರಲಿ ಎಂದರು.

ಹಾಗೆ ನಾನು ಕಂಪನಿಯ ಜೀಪಿನಲ್ಲಿ ಸಿರುಗುಪ್ಪಕ್ಕೆ ಹೊರಟೆ. ಚಾಲಕ ಮಿತಭಾಷಿ. ಬೇಸಿಗೆ ಬೆಳೆಯ ಕೊಯ್ಲು ನಡೆದಿತ್ತು. ರಸ್ತೆಯ ಎರಡೂ ಕಡೆ ಕಾಲುವೆ ನೀರಿನ ಗದ್ದೆಗಳು, ಕೊಯ್ದ ಕಡೆ ಹಳದಿ, ಕೊಯ್ಯದ ಕಡೆ ಇನ್ನಷ್ಟು ಹಳದಿ. ಬಿಸಿಲಿಗೆ ಮುಂದಿನ ದಾರಿ ನೀರಿನಂತೆ ಅಲುಗಾಡುತ್ತಿತ್ತು. ನಾನು ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಒಂದು ಹಳ್ಳಿ ಕಳೆದು ಇನ್ನೊಂದು ಬರುತ್ತಿತ್ತು. ನಿದ್ದೆಯೋ ಎಚ್ಚರವೋ ತಿಳಿಯದ ಆ ಸ್ಥಿತಿಯಲ್ಲಿ ನನಗೆ ವರದಿಯ ಸಾಲುಗಳು ತಾವಾಗಿ ಹೊಳೆಯುತ್ತಿದ್ದವು. ಒಂದೊಂದೂ ಸುಂದರವಾಗಿತ್ತು. ಎಚ್ಚರಾದಾಗ ಒಂದೂ ನೆನಪಿರಲಿಲ್ಲ.

ಗಿರಣಿಯ ಹಿಂದೆ ಹೊಟ್ಟಿನ ಗುಡ್ಡವೇ ಇತ್ತು. ಮೇಲಿನ ಕೊಳವೆಯಿಂದ ಹೊಟ್ಟು ಎಡೆಬಿಡದೆ ಸುರಿಯುತ್ತಿತ್ತು. ಗಾಳಿ ಬಂದಾಗ ಒಂದಿಷ್ಟು ಎದ್ದು, ಬಿಸಿಲಿನಲ್ಲಿ ಮಿನುಗಿ, ಅವಸರವಿಲ್ಲದೆ ಇಳಿಯುತ್ತಿತ್ತು. ನನ್ನ ತಲೆ, ಸೀರೆ, ಕ್ಯಾಮೆರಾ ಎಲ್ಲದರ ಮೇಲೂ ಹೊಂಬಣ್ಣದ ಸಿಪ್ಪೆಗಳು ಕೂತವು. ಲಾರಿಗೆ ತುಂಬುತ್ತಿದ್ದವರ ರೆಪ್ಪೆಗಳೂ ಅದೇ ಬಣ್ಣವಾಗಿದ್ದವು. ನಾನು ಫೋಟೋ ತೆಗೆದೆ. ಇದಕ್ಕಿಂತ ಒಳ್ಳೆಯ ಚಿತ್ರ ನಮ್ಮ ವರದಿಗೆ ಸಿಗಲಾರದು ಅನ್ನಿಸಿತು.

ಅಷ್ಟರಲ್ಲಿ ಗೇಟಿನ ಬಳಿ ಒಬ್ಬ ಹೆಂಗಸು ತಳ್ಳುಗಾಡಿ ನಿಲ್ಲಿಸಿಕೊಂಡು ಮೇಸ್ತ್ರಿಯ ಜೊತೆ ತೆಲುಗಿನಲ್ಲಿ ಏನೋ ಕೇಳುತ್ತಿದ್ದಳು. ಐವತ್ತರ ಆಸುಪಾಸು. ಎತ್ತರದ ಆಳು, ಎರಡೂ ಕಡೆ ಮೂಗುಬೊಟ್ಟು, ಬೆಂಕಿಯ ಹತ್ತಿರ ದುಡಿದು ಮೊಣಕೈವರೆಗೆ ಕಪ್ಪಾದ ಕೈ. ಗಾಡಿಯಲ್ಲಿ ಖಾಲಿ ಗೋಣಿಚೀಲಗಳಿದ್ದವು. ಮೇಸ್ತ್ರಿ ಬೇಸರದಿಂದ, ದಿನಾ ಬಂದು ಕೇಳಬೇಡವೆಂದೂ ಹೊಟ್ಟೆಲ್ಲ ಕಂಪನಿಗೆ ಹೋಗುವಂಥದ್ದೆಂದೂ ಹೇಳಿದ. ಆಕೆ ನನ್ನ ಕಡೆ ತಿರುಗಿ ಕನ್ನಡಕ್ಕೆ ಬಂದಳು.

"ನೀವು ಆ ಕಂಪನಿಯವ್ರೇನ್ರಿ?"

ಹೌದೆಂದೆ.

"ಬಳ್ಳಾರ್ಯಾಗ ಇದನ್ನ ಏನ್ ಮಾಡ್ತೀರಿ?"

"ಒಲಿಗೆ ಹಾಕ್ತೀವ್ರಿ," ಅಂದೆ. ಬಾಯ್ಲರ್ ಅನ್ನುವುದಕ್ಕೆ ಆ ಕ್ಷಣಕ್ಕೆ ನನಗೆ ಹೊಳೆದ ಮಾತು ಅದೇ.

"ನಾವೂ ಅದನ್ನ ಮಾಡ್ತಿದ್ವಿ," ಅಂದಳು.

ಜಗಳದ ದನಿ ಇರಲಿಲ್ಲ. ಒಂದೇ ಕಸುಬಿನ ಇಬ್ಬರು ಎದುರಾದರೆ ಹೇಗೆ ಮಾತಾಡುತ್ತಾರೋ ಹಾಗಿತ್ತು. ಆಕೆ ಖಾಲಿ ಗಾಡಿ ತಿರುಗಿಸಿಕೊಂಡು ಹೊರಟಳು. ನನಗೆ ಏನನ್ನಿಸಿತೋ, ಚಾಲಕನಿಗೆ ಇಲ್ಲೇ ಇರು ಎಂದು ಹೇಳಿ ಅವಳ ಹಿಂದೆಯೇ ನಡೆದೆ.

ಊರ ಅಂಚಿನ ಓಣಿಯೊಂದರಲ್ಲಿ ಸಾಲಾಗಿ ಮಂಡಕ್ಕಿ ಭಟ್ಟಿಗಳಿದ್ದವು. ತಗಡಿನ ಸೂರು, ಮಸಿ ಹಿಡಿದ ಗೋಡೆ, ನೆಲದಲ್ಲಿ ಹೂತ ಒಲೆ, ಅದರ ಮೇಲೆ ಮರಳು ತುಂಬಿದ ಅಗಲ ಬಾಣಲೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಇಲ್ಲದೆ ನಮ್ಮ ಕಡೆ ಯಾರ ಬೆಳಗೂ ಶುರುವಾಗುವುದಿಲ್ಲ. ಆದರೆ ಆ ಮಂಡಕ್ಕಿ ಎಲ್ಲಿ ಅರಳಿ ಬರುತ್ತದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿದವಳೇ ಅಲ್ಲ. ಬಹಳಷ್ಟು ಭಟ್ಟಿಗಳು ತಣ್ಣಗಿದ್ದವು. ಒಂದರ ಬಾಣಲೆಯಲ್ಲಿ ಬೆಕ್ಕು ಮಲಗಿತ್ತು. ಓಣಿಯ ಕೊನೆಯಲ್ಲಿ ಮಾತ್ರ ಒಂದು ಭಟ್ಟಿಯಿಂದ ದಟ್ಟ ಕಪ್ಪು ಹೊಗೆ ಏಳುತ್ತಿತ್ತು. ಅದರ ವಾಸನೆಗೆ ಗಂಟಲು ಕಟ್ಟಿತು.

ಆಕೆ ನನಗೆ ಕೂರಲು ಮಣೆ ಕೊಟ್ಟು, ನೀರು ಕೊಟ್ಟು, ತಾನು ಒಲೆಯ ಬಾಯಿಯ ಹತ್ತಿರ ಕೂತಳು. ಗಂಡ ತೀರಿಹೋದ ಮೇಲೆ ಭಟ್ಟಿಯನ್ನು ತಾನೇ ನಡೆಸುತ್ತಿರುವುದಾಗಿ ಹೇಳಿದಳು. ಮೊದಲು ಗಿರಣಿಯವರು ಹೊಟ್ಟನ್ನು ಯಾರಾದರೂ ಒಯ್ದರೆ ಸಾಕು ಅನ್ನುತ್ತಿದ್ದರಂತೆ. ಈಗ ಒಂದು ಚೀಲವೂ ಸಿಗದು. ಜಾಲಿ ಕಟ್ಟಿಗೆ ಹಾಕಿ ನೋಡಿದ್ದಳು.

"ಜಾಲಿ ಧಗ್ ಅಂತ ಉರಿದುಬಿಡ್ತೈತ್ರಿ. ಮಂಡಕ್ಕಿ ಸೀದು ಹೋಗ್ತಾವ. ಹೊಟ್ಟು ಹಂಗಲ್ಲ, ಹೇಳಿದ ಮಾತು ಕೇಳ್ತೈತಿ."

ಕೊನೆಯ ಭಟ್ಟಿಯ ಹೊಗೆ ಏನೆಂದು ಕೇಳಿದೆ. ಅವರು ಹಳೆಯ ಟೈರು ಸುಡುತ್ತಾರೆ ಎಂದಳು. ಇನ್ನೂ ಕೆಲವರು ಹಾಗೇ ಶುರುಮಾಡಿದ್ದಾರೆ, ಬೇರೆ ದಾರಿ ಇಲ್ಲ ಎಂದಳು. "ನಾ ಹಾಕಂಗಿಲ್ರಿ. ತಿನ್ನೋ ಪದಾರ್ಥ ಅದು." ಹಾಗಾಗಿ ಅವಳ ಒಲೆ ವಾರದಲ್ಲಿ ಹೆಚ್ಚು ದಿನ ಉರಿಯುತ್ತಿರಲಿಲ್ಲ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಸುಮ್ಮನೆ ತಿಳಿಯುವ ಕುತೂಹಲದಿಂದ ಕೇಳಿದಳು. "ಬಳ್ಳಾರ್ಯಾಗ ಹೊಗಿ ಕಡಿಮಿ ಆಗೇತೇನ್ರಿ?"

ಆಗೇತ್ರಿ ಎಂದೆ. ಹಳ್ಳಿಯವರು ಬಟ್ಟೆ ಹೊರಗೆ ಒಣಹಾಕುವುದನ್ನೂ ಹೇಳಿದೆ.

"ಚಲೋ ಆತು ಬಿಡ್ರಿ," ಅಂದಳು.

ನಿಜವಾಗಿಯೂ ಚಲೋ ಆಯಿತೆಂದೇ ಆಕೆ ಹೇಳಿದ್ದು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಅದನ್ನು ಮರೆಯುವುದು ಸುಲಭವಾಗುತ್ತಿತ್ತೇನೋ.

ಮರಳಿ ಬರುವಾಗ ಚಾಲಕ ನನ್ನ ಮುಖ ನೋಡಿ, ಊಟ ಮಾಡಲಿಲ್ಲವೇ ಎಂದು ಕೇಳಿದ. ಹಸಿವಿರಲಿಲ್ಲ. ಸಂಜೆ ಕಾರ್ಖಾನೆಯ ಹತ್ತಿರ ಬಂದಾಗ ಚಿಮಣಿಯ ಮೇಲೆ ಆಕಾಶ ತೊಳೆದಂತಿತ್ತು. ಬೆಳ್ಳಕ್ಕಿಗಳ ಸಾಲೊಂದು ಅದನ್ನು ದಾಟಿ ಹೋಯಿತು. ಅದನ್ನು ನೋಡಿ ಸಂತೋಷವೂ ಆಯಿತು. ಆ ಸಂತೋಷ ಸುಳ್ಳೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಆ ಕಪ್ಪು ಹೊಗೆ ಮಾಯವಾಗಿರಲಿಲ್ಲ, ಜಾಗ ಬದಲಿಸಿ ಸಿರುಗುಪ್ಪದ ಆ ಓಣಿಯಲ್ಲಿ ಹೋಗಿ ಕೂತಿತ್ತು.

ವರದಿ ಮುಂದಕ್ಕೆ ಹೋಗಲಿಲ್ಲ. ಮುಂಜಾನೆ ಮೇಜಿನ ಮುಂದೆ ಕೂತರೆ ಕಣ್ಣ ಮುಂದೆ ಹೊಟ್ಟು ಉದುರುತ್ತಿತ್ತು. ಲಾಭದ ಅಂಕಿಗಳ ಮೇಲೆ, ಕಂಪ್ಯೂಟರಿನ ಕೀಲಿಗಳ ಮೇಲೆ, ಪಕ್ಕದವರ ಚಹಾದ ಲೋಟದೊಳಗೆ ಉದುರುತ್ತಲೇ ಇತ್ತು. ಅಕ್ಕನಿಗೆ ಎಲ್ಲ ಹೇಳಿದೆ. ಅವಳು ಬೇಳೆ ಆರಿಸುತ್ತಾ ಕೇಳಿ, ಇದನ್ನು ನನಗೆ ಹೇಳಿದರೆ ಏನಾದೀತು, ಹೇಳಬೇಕಾದವರಿಗೆ ಹೇಳು ಎಂದಳು.

ಮರುದಿನ ಮುಖ್ಯಸ್ಥರ ಕೋಣೆಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, "ಆ ಹೊಗಿ ನಮ್ಮದಲ್ಲಮ್ಮ. ನಮ್ಮ ಗೇಟಿನ ಒಳಗ ಆಗಿದ್ದನ್ನಷ್ಟ ನಾವು ಬರಿಯೋದು," ಎಂದರು.

"ಹೊಟ್ಟು ಗೇಟಿನ ಹೊರಗಿಂದ ಬಂದೈತಲ್ರಿ, ಸರ," ಎಂದೆ.

ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಬಿಳಿ ಇಟ್ಟಿಗೆಗಳನ್ನು ಲಾರಿಗೆ ಏರಿಸುತ್ತಿದ್ದರು. ಆಮೇಲೆ, ನೀವು ಬರೆಯುವುದನ್ನು ಬರೆದು ಮುಗಿಸಿರಿ, ಮುದ್ರಣಕ್ಕೆ ತಡವಾಗುತ್ತದೆ ಎಂದು ಹೇಳಿ ಕಳಿಸಿದರು. ನಾನು ಇಷ್ಟು ವರ್ಷದಲ್ಲಿ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಬಸವ ಜಯಂತಿಯ ರಜೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕೆಲಸವಿದ್ದರೆ ಬದಿಗಿಡಿ, ಸಿರುಗುಪ್ಪಕ್ಕೆ ಹೋಗಿ ಬರೋಣ ಎಂದರು. ದಾರಿಯುದ್ದಕ್ಕೂ ಅವರು ಗದ್ದೆ ನೋಡುತ್ತಾ, ಯಾವ ಊರಿನ ಭತ್ತ ಯಾವ ಪೇಟೆಗೆ ಹೋಗುತ್ತದೆ ಎಂದು ಚಾಲಕನೊಂದಿಗೆ ಮಾತಾಡಿಕೊಂಡು ಬಂದರು.

ಆಕೆಯ ಭಟ್ಟಿ ಆ ದಿನ ನಡೆದಿತ್ತು. ಎಲ್ಲಿಂದಲೋ ನಾಲ್ಕು ಚೀಲ ಹೊಟ್ಟು ಸಿಕ್ಕಿತ್ತಂತೆ. ನಾವು ಬಂದದ್ದನ್ನು ಕಂಡು ತಲೆಯಾಡಿಸಿ ಕೆಲಸ ಮುಂದುವರಿಸಿದಳು. ಕಾದ ಮರಳಿಗೆ ಅಕ್ಕಿ ಬಿದ್ದ ಕೂಡಲೇ ತಗಡಿನ ಮೇಲೆ ಮಳೆ ಬಂದಂತೆ ಸದ್ದಾಗಿ, ಬಾಣಲೆಯೆಲ್ಲ ಬೆಳ್ಳಗೆ ಅರಳಿ ಮೇಲೆದ್ದು ಬರುತ್ತಿತ್ತು. ಆಕೆ ಅದನ್ನು ಜರಡಿಗೆ ಎತ್ತಿ, ಮರಳು ಕೆಳಗಿಳಿಸಿ, ಪಕ್ಕದ ರಾಶಿಗೆ ಸುರಿಯುತ್ತಿದ್ದಳು. ಮತ್ತೆ ಅಕ್ಕಿ, ಮತ್ತೆ ಮಳೆ. ಒಲೆಯ ಝಳಕ್ಕೆ ಗಾಳಿ ಕದಲಿ ಅವಳ ಮುಖ ನೀರಿನೊಳಗೆ ಇದ್ದಂತೆ ಕಾಣುತ್ತಿತ್ತು. ಆ ಲಯಕ್ಕೆ ನಾನು ನಿಂತಲ್ಲೇ ಕಣ್ಣು ತೆರೆದುಕೊಂಡು ಕನಸಿಗೆ ಜಾರಿದೆ ಅನ್ನಿಸುತ್ತದೆ. ಎಚ್ಚರಾದಾಗ ಮುಖ್ಯಸ್ಥರು ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಮೊರದಿಂದ ಬಿಸಿ ಮಂಡಕ್ಕಿ ತಿನ್ನುತ್ತಿದ್ದರು.

ಅವರು ಅವಳನ್ನು ಹೆಚ್ಚು ಕೇಳಲಿಲ್ಲ. ಓಣಿಯವರೆಲ್ಲರಿಗೆ ಎಷ್ಟು ಹೊಟ್ಟಾದರೆ ನಡೆದೀತು ಎಂದು ಮಾತ್ರ ಕೇಳಿದರು. ಆಕೆ ಯೋಚಿಸಿ, ಓಣಿಗೆ ಹತ್ತಿರದ ಎರಡು ಗಿರಣಿಗಳನ್ನು ತಮಗೆ ಬಿಟ್ಟರೆ ಸಾಕೆಂದಳು. ಹೊರಡುವಾಗ ಕೊನೆಯ ಭಟ್ಟಿಯ ಮುಂದೆ ಅವರು ಮೂಗಿಗೆ ಕರವಸ್ತ್ರ ಹಿಡಿದು ಸ್ವಲ್ಪ ಹೊತ್ತು ನಿಂತರು. ಅಲ್ಲಿ ಟೈರು ಸುಡುತ್ತಿದ್ದ ಹೆಂಗಸು ನಮ್ಮನ್ನು ಸರ್ಕಾರದವರೆಂದು ತಿಳಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬರುವಾಗ ಮುಖ್ಯಸ್ಥರು ಕುರುಗೋಡಿನ ಮೇಲೆ ಹೋಗೋಣ ಎಂದರು. ಅಲ್ಲಿನ ಬಸವೇಶ್ವರ ಗುಡಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಜನರಿರಲಿಲ್ಲ. ಒಳಗೆ ಕಲ್ಲಿನ ತಂಪು. ದೊಡ್ಡ ಬಸವಣ್ಣನ ಮುಂದೆ ದೀಪದ ಎಣ್ಣೆಯ ವಾಸನೆ. ನಾವು ಕೈಮುಗಿದು ಬಂದು ಕಂಬಕ್ಕೊರಗಿ ಕೂತೆವು. ಅವರು ತಮ್ಮ ಮನಸ್ಸಿನಲ್ಲಿದ್ದುದನ್ನು ಅಲ್ಲಿ ಹೇಳಿದರು.

"ವರದಿಯ ಎರಡೂ ಭಾಗ ಒಂದ ಮಾತು ಹೇಳಿದ ವರ್ಷ ನನ್ನ ಸರ್ವೀಸಿನ್ಯಾಗ ಇದೊಂದ. ಅದನ್ನ ಕೆಡಿಸಾಕ ನಂಗ ಮನಸ್ಸಿಲ್ಲಮ್ಮ. ಸುಳ್ಳ್ಯಾಕ ಹೇಳಲಿ."

ಪಾರಿವಾಳವೊಂದು ಸೂರಿನ ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಹಾರಿತು. ಅದನ್ನು ನೋಡುತ್ತಾ ಅವರು ಮುಂದುವರಿಸಿದರು. ಆಗಿಹೋದ ವರ್ಷದ ಅಂಕಿಗಳನ್ನು ಬದಲಿಸಲಾಗದು, ಆದರೆ ಈ ಓಣಿಯ ಬಗ್ಗೆ ಒಂದು ಪ್ಯಾರಾ ಬರೆಯಿರಿ, ನಾನು ಅದನ್ನು ಹೊಡೆದುಹಾಕುವುದಿಲ್ಲ, ಬರುವ ವರ್ಷದ ಮಾತನ್ನು ಆಡಳಿತ ಮಂಡಳಿಯ ಮುಂದೆ ಇಡುತ್ತೇನೆ ಎಂದರು. ಹೀಗೆಂದು ಎದ್ದು, ಪಂಚೆ ಕೊಡವಿಕೊಳ್ಳುವವರ ಹಾಗೆ ಪ್ಯಾಂಟು ಕೊಡವಿಕೊಂಡರು.

ಆ ಪ್ಯಾರಾ ಬರೆಯಲು ನನಗೆ ಉಳಿದ ಇಡೀ ವರದಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಹೊಟ್ಟಿನ ಮಳೆಯ ಫೋಟೋ ಮುಖಪುಟಕ್ಕೆ ಹೋಯಿತು. ಒಳಗೆ, ಗಿಡ ನೆಟ್ಟ ವಿವರದ ಕೆಳಗೆ, ನಾವು ಹೊಟ್ಟು ಕೊಂಡದ್ದರಿಂದ ಸಿರುಗುಪ್ಪದ ಮಂಡಕ್ಕಿ ಭಟ್ಟಿಗಳಿಗೆ ಉರುವಲಿನ ಕೊರತೆಯಾಗಿದೆಯೆಂದೂ, ಕೆಲವರು ಟೈರು ಸುಡುತ್ತಿದ್ದಾರೆಂದೂ, ಕಂಪನಿ ಇದನ್ನು ಗಮನಿಸಿದೆಯೆಂದೂ ಬರೆದೆ.

ಮಂಡಳಿಯ ಸಭೆಯಲ್ಲಿ ನಾನಿರಲಿಲ್ಲ. ನಡೆದದ್ದನ್ನು ಮುಖ್ಯಸ್ಥರು ಆಮೇಲೆ ಹೇಳಿದರು. ಅಲ್ಲಿ ಕೂತಿದ್ದವರಿಗೆ ಸಿರುಗುಪ್ಪದ ಓಣಿ ಬಹಳ ದೂರವಿತ್ತು. ಇದನ್ನು ಯಾರು ಬಂದು ಕೇಳುತ್ತಾರೆ ಎಂದು ಒಬ್ಬರು ಅಂದರಂತೆ. ಯಾರಾದರೂ ಕೇಳುವ ಮೊದಲೇ ನಾವು ಬಿಟ್ಟುಕೊಟ್ಟರೆ ಅದು ನಮ್ಮ ಮಾತು, ಕೇಳಿದ ಮೇಲೆ ಬಿಟ್ಟರೆ ಅವರ ಮಾತು ಎಂದು ಮುಖ್ಯಸ್ಥರು ಹೇಳಿದರಂತೆ. ಕರುಣೆಯ ಮಾತಾಡಿದ್ದರೆ ಅಲ್ಲಿ ನಡೆಯುತ್ತಿರಲಿಲ್ಲ ಎಂದು ನನಗೆ ಹೇಳಿ ಸಣ್ಣಗೆ ನಕ್ಕರು. ಎರಡು ಗಿರಣಿಗಳನ್ನು ಒಪ್ಪಂದದಿಂದ ಬಿಡುವುದು, ಕಲ್ಲಿದ್ದಲು ಮತ್ತೆ ತರದಿರುವುದು, ಕೊರತೆ ಬಿದ್ದಷ್ಟಕ್ಕೆ ಹತ್ತಿಕಟ್ಟಿಗೆ ಮತ್ತು ಬಳ್ಳಾರಿ ಜಾಲಿಯನ್ನು ಚಕ್ಕೆ ಮಾಡಿ ಹಾಕುವುದು, ಒಂದು ವರ್ಷ ನೋಡುವುದು ಎಂದು ತೀರ್ಮಾನವಾಯಿತು.

ಆ ವರ್ಷ ಸುಲಭದ್ದಾಗಿರಲಿಲ್ಲ. ಹತ್ತಿರದ ಮೋಕಾ ಊರಿನ ಕಡೆಯ ರೈತರು ಹೊಲದ ಬದುಗಳಲ್ಲಿ ಬೆಳೆದಿದ್ದ ಜಾಲಿಯನ್ನು ಕಡಿಸಿ ಖುಷಿಯಿಂದ ಕೊಟ್ಟರು. ಆದರೆ ಮಳೆಗಾಲದಲ್ಲಿ ಚಕ್ಕೆ ಹಸಿಯಾಗಿ ಬಾಯ್ಲರಿನ ಬಾಯಿಗೆ ಸಿಕ್ಕಿಕೊಂಡಿತು. ಒಂದು ದಿನ ಹಬೆಯೇ ಏಳಲಿಲ್ಲ. ಅಚ್ಚುಗಳಲ್ಲಿ ಉಬ್ಬಿ ನಿಂತ ಹಿಟ್ಟು ಹಾಗೇ ಉಳಿಯಿತು. ಯಂತ್ರಗಳು ನಿಂತ ಆ ಮೌನದಲ್ಲಿ ಅಂಗಳದ ಕಾಗೆಗಳ ಕೂಗು ಕೂಡ ಕಚೇರಿಯೊಳಗೆ ಕೇಳುತ್ತಿತ್ತು. ಎಲ್ಲರೂ ನನ್ನ ಕಡೆಗೇ ನೋಡುತ್ತಿದ್ದಾರೆ ಅನ್ನಿಸಿ ನಾನು ತಲೆಯೆತ್ತಲಿಲ್ಲ. ಮುಖ್ಯಸ್ಥರು ಬಾಯ್ಲರಿನವರ ಜೊತೆ ಮಳೆಯಲ್ಲೇ ನಿಂತಿದ್ದರು. ಆಮೇಲೆ ಚಕ್ಕೆ ಒಣಗಿಸಲು ದೊಡ್ಡ ತಗಡಿನ ಚಪ್ಪರ ಹಾಕಿಸಿದರು. ಹಬೆಯ ಕೋಣೆಗಳಿಂದ ಹೊರಗೆ ಹೋಗುವ ಬಿಸಿಗಾಳಿಯನ್ನೇ ಅದಕ್ಕೆ ತಿರುಗಿಸಿದರು. ಅದಾದ ಮೇಲೆ ತೊಂದರೆ ಕಡಿಮೆಯಾಯಿತು.

ವರ್ಷದ ಕೊನೆಗೆ ಲಾಭ ಸ್ವಲ್ಪ ಇಳಿದಿತ್ತು. ಹೊಟ್ಟಿನ ಪಾಲೂ ಇಳಿದಿತ್ತು. ಷೇರುದಾರರ ಸಭೆಯಲ್ಲಿ ಹಿರಿಯರೊಬ್ಬರು ಎದ್ದುನಿಂತು, ಹೋದ ವರ್ಷ ಎರಡೂ ಏರಿದ್ದವು, ಈ ವರ್ಷ ಎರಡೂ ಯಾಕೆ ಇಳಿದವು ಎಂದು ಕೇಳಿದರು. ಮುಖ್ಯಸ್ಥರು ಮೈಕು ತೆಗೆದುಕೊಂಡು, ಹೋದ ವರ್ಷ ನಾವು ನಮ್ಮ ಚಿಮಣಿ ಒಂದನ್ನೇ ನೋಡಿದ್ದೆವು, ಈ ವರ್ಷ ಬೇರೆಯವರದನ್ನೂ ನೋಡಿದೆವು ಎಂದು ಹೇಳಿ, ಆ ಓಣಿಯ ವಿಷಯವನ್ನು ವಿವರಿಸಿದರು. ಚಪ್ಪಾಳೆಯೇನೂ ಬೀಳಲಿಲ್ಲ. ಆ ಹಿರಿಯರು ಕೂತುಕೊಂಡು ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು. ಮುಂದಿನ ಪ್ರಶ್ನೆ ಬೇರೆಯದಾಗಿತ್ತು.

ನಾನು ಆಮೇಲೆ ಒಮ್ಮೆ ಸಿರುಗುಪ್ಪಕ್ಕೆ ಹೋದೆ. ಓಣಿಯಲ್ಲಿ ತಗಡಿನ ಮೇಲಿನ ಮಳೆಯ ಸದ್ದು ತುಂಬಿತ್ತು. ಬಹಳಷ್ಟು ಭಟ್ಟಿಗಳು ಹೊತ್ತಿದ್ದವು, ಎಲ್ಲವೂ ಅಲ್ಲ. ಟೈರು ಸುಡುತ್ತಿದ್ದ ಹೆಂಗಸು ನಾವು ಗಿರಣಿ ಬಿಡುವ ಮೊದಲೇ ಬಾಣಲೆ ಮಾರಿ ಬಳ್ಳಾರಿಗೆ ಹೋಗಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದ್ದಳು.

"ಅಲ್ಲಿ ಫ್ಯಾನಿನ ಕೆಳಗ ಕುಂತು ಕೆಲಸ ಅಂತ್ರಿ. ನಂಗೂ ಬಾ ಅಂತಾಳ," ಎಂದಳು ನನ್ನ ಪರಿಚಯದವಳು. ಹೋಗುತ್ತೀರಾ ಎಂದು ಕೇಳಿದೆ. ಆಕೆ ಜರಡಿ ಆಡಿಸುತ್ತಾ, ನೋಡೋಣ ಎಂದಳು. ಹೊಟ್ಟು ಬಿಟ್ಟದ್ದಕ್ಕೆ ಆಕೆ ನನಗೆ ವಂದನೆ ಹೇಳಲಿಲ್ಲ. ಹೇಳುತ್ತಾಳೆಂದು ನಾನೂ ಕಾದಿರಲಿಲ್ಲ ಎಂದುಕೊಂಡಿದ್ದೆ. ಆದರೆ ಜೀಪು ಹತ್ತುವಾಗ ಒಂದು ಗಳಿಗೆ ನಿಂತು ಹಿಂತಿರುಗಿ ನೋಡಿದ್ದೆ. ಅದೂ ನಿಜ.

ಈಚೆಗೆ, ಮಾಘದ ಒಂದು ಮಧ್ಯಾಹ್ನ, ಆಕೆ ನಮ್ಮ ಮನೆಗೆ ಬಂದಳು. ಹಳೆಯ ಬಾಣಲೆ ತಳ ಸವೆದಿತ್ತು. ಹೊಸದನ್ನು ಮಾಡಿಸಲು ಬಳ್ಳಾರಿಗೆ ಬಂದವಳು, ಅದು ತಯಾರಾಗಲು ಸಂಜೆಯಾಗುತ್ತದೆಂದು ತಿಳಿದು, ನನ್ನಿಂದ ಪಡೆದಿದ್ದ ವಿಳಾಸ ಕೇಳಿಕೊಂಡು ಕಂಟೋನ್ಮೆಂಟಿನವರೆಗೆ ನಡೆದೇ ಬಂದಿದ್ದಳು. ಅಕ್ಕ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಇಬ್ಬರೂ ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಮಾತಿಗೆ ಬಿದ್ದರು. ಜೋಳದ ರುಚಿ, ಮೊಣಕಾಲ ನೋವು, ತೀರಿಹೋದವರು.

ಊಟವಾದ ಮೇಲೆ ಆಕೆ ಹಿಂದಿನ ವರಾಂಡದ ಕಲ್ಲುಚಪ್ಪಡಿಯನ್ನು ಅಂಗೈಯಿಂದ ಮುಟ್ಟಿ ನೋಡಿದಳು. "ಎಷ್ಟು ತಣ್ಣಗೈತ್ರಿ," ಎಂದು, ಕೇಳುವುದಕ್ಕೂ ಕಾಯದೆ, ತೋಳನ್ನೇ ದಿಂಬು ಮಾಡಿಕೊಂಡು ಮಲಗಿದಳು. ಎರಡು ಮಾತಾಡುವಷ್ಟರಲ್ಲಿ ನಿದ್ದೆ ಹತ್ತಿತ್ತು. ಅಕ್ಕ ಒಳಗಿನಿಂದ ದಿಂಬು ತಂದವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು. ಬೇವಿನ ಎಲೆಗಳ ನೆರಳು ಆಕೆಯ ಸೀರೆಯ ಮೇಲೆ ಓಡಾಡುತ್ತಿತ್ತು. ದೂರದಲ್ಲಿ ಗೂಡ್ಸು ರೈಲೊಂದು ಎಳೆದಷ್ಟೂ ಮುಗಿಯದೆ ಸಾಗುತ್ತಿತ್ತು. ನಾನು ಮೆಟ್ಟಿಲ ಮೇಲೆ ಕೂತು ಬೇಸಿಗೆಯಲ್ಲಿ ಬರೆಯಬೇಕಾದ ವರದಿಯ ಬಗ್ಗೆ ಯೋಚಿಸಲು ಹೊರಟೆ, ಯೋಚನೆ ಎಲ್ಲಿಗೂ ಹೋಗಲಿಲ್ಲ. ಬಿಸಿಲು ಓರೆಯಾಗುವವರೆಗೂ ನಾವಿಬ್ಬರೂ ಆಕೆಯನ್ನು ಎಬ್ಬಿಸಲಿಲ್ಲ.